ನೆರೆ ಇಳಿದ ಮೇಲಿನ ಕೆಲಸ

ಹೇಮಗುಡ್ಡ

ಮಳೆಗಾಲ ಬಂತೆಂದರೆ ನಮ್ಮ ಗಿರಣಿಗಳ ಬಾಗಿಲಿಗೂ ಅಂಗಡಿಗಳ ಕಟ್ಟೆಗೂ ಒಂದು ಡಬ್ಬಿ ಬರುವುದು ಈಚಿನ ವರ್ಷಗಳ ವಾಡಿಕೆಯಾಗಿಬಿಟ್ಟಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಬಂತು. 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ದಂಡೆ ಮೀರಿ ಹರಿದಾಗ ಬಂತು. 2024ರ ಜುಲೈ ತಿಂಗಳಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಹತ್ತಿರ ಹೆದ್ದಾರಿಯ ಮೇಲೆ ಗುಡ್ಡ ಜಾರಿತು; ಅದಾದ ಎರಡು ವಾರಕ್ಕೆ ಕೇರಳದ ವಯನಾಡಿನಲ್ಲಿ ಊರುಗಳೇ ಮಣ್ಣುಪಾಲಾದವು; ಆಗಲೂ ಬಂತು. ಬಂದಾಗಲೆಲ್ಲ ಗಂಗಾವತಿಯ ಅಕ್ಕಿ ಗಿರಣಿಯ ಹಮಾಲ ಚೀಲ ಇಳಿಸಿದ ಕೈಯಿಂದಲೇ ಜೇಬಿನ ಹತ್ತಿಪ್ಪತ್ತು ರೂಪಾಯಿ ತೆಗೆದು ಹಾಕಿದ್ದಾನೆ. ಕಿರಾಣಿ ಅಂಗಡಿಯವನು ವಸೂಲಾಗದ ಉದ್ರಿಯ ವಹಿಯನ್ನು ಮಡಿಚಿಟ್ಟು ಅಕ್ಕಿಯ ಚೀಲ ಎತ್ತಿ ಕೊಟ್ಟಿದ್ದಾನೆ. ನಾಳಿನ ಊಟದ ಖಾತ್ರಿ ಇಲ್ಲದವರೇ ಎಲ್ಲರಿಗಿಂತ ಮೊದಲು ಕೈ ಬಿಚ್ಚಿದ್ದಾರೆ.

ಈ ಔದಾರ್ಯವನ್ನು ಹಗುರಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ನಾಡಿನ ಒಂದು ಭಾಗ ನೀರಿನಲ್ಲಿಯೋ ಮಣ್ಣಿನಲ್ಲಿಯೋ ಮುಳುಗಿದಾಗ, ದುಡಿದು ತಿನ್ನುವ ಮನುಷ್ಯನ ಕರ್ತವ್ಯ ಡಬ್ಬಿಗೆ ಹಾಕಿದ ಕಾಸಿನಲ್ಲಿ ಮುಗಿಯಿತೆ? ಮುಗಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಕಾಸು ಮೊದಲ ವಾರದ ಹಸಿವಿಗೆ ಸರಿ. ಒಂದು ಕುಟುಂಬ ಮತ್ತೆ ತನ್ನ ಕಾಲ ಮೇಲೆ ನಿಲ್ಲುವುದೋ, ಗಂಟುಮೂಟೆ ಕಟ್ಟಿ ಗುಳೆ ಹೋಗುವುದೋ ಎಂಬುದು ನಿರ್ಧಾರವಾಗುವುದು ನೀರು ಇಳಿದ ಮೇಲೆ, ಪಂಚನಾಮೆಯ ಕಾಗದದ ಮೇಲೆ. ಆ ಕಾಗದ ಬರೆಯುವ ಹೊತ್ತಿಗೆ ನಾವು ಅಲ್ಲಿ ಇರುವುದಿಲ್ಲ. ಅಲ್ಲಿ ಇರಬೇಕು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ಸೀಮೆಯ ನೆನಪಿನಿಂದಲೇ ವಿಷಯಕ್ಕೆ ಬರೋಣ. 2009ರ ಸೆಪ್ಟೆಂಬರ್ 28ರಂದು ವಿಜಯದಶಮಿ. ಹೇಮಗುಡ್ಡದ ದುರ್ಗಾದೇವಿಗೆ ಕೈಮುಗಿದು, ಬನ್ನಿ ಹಂಚಿ, ಬಂಗಾರ ತಗೊಂಡು ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡ ಮಾತಿನ ಬಿಸಿ ಇನ್ನೂ ಆರಿರಲಿಲ್ಲ. ಅದರ ಬೆನ್ನಿಗೇ ಹಿಡಿದ ಮಳೆ ಅಕ್ಟೋಬರ್ 2ರವರೆಗೆ ಜನರನ್ನು ಬಿಡಲಿಲ್ಲ. ಆ ವರ್ಷದ ಮುಂಗಾರು ಇಡೀ ದೇಶದಲ್ಲಿ ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆಯಾಗಿತ್ತು. ಮಳೆಗಾಗಿ ಮುಗಿಲು ನೋಡುತ್ತಿದ್ದ ಜನವೇ ಮಳೆ ನಿಲ್ಲಲೆಂದು ಬೇಡಿಕೊಳ್ಳುವಂತಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ, ಬಾಗಲಕೋಟೆ, ವಿಜಯಪುರ, ಗದಗ, ಕಲಬುರಗಿ ಜಿಲ್ಲೆಗಳು ತತ್ತರಿಸಿದವು. ತುಂಗಭದ್ರೆಯ ದಂಡೆಯ ಮಂತ್ರಾಲಯಕ್ಕೆ ನೀರು ನುಗ್ಗಿತು. ಅದರ ಕೆಳಗಿನ ಕರ್ನೂಲು ಪಟ್ಟಣ ಮುಳುಗಿತು. ಅತ್ತ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಹೂತುಹೋದವು. ನಮ್ಮ ರಾಜ್ಯದಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತು.

ಪ್ರತಿಯೊಂದು ನೆರೆಯ ಕಾಲಕ್ಕೂ ವೇದಿಕೆಗಳ ಮೇಲಿಂದ ಒಂದು ಮಾತು ಕೇಳಿಬರುತ್ತದೆ: ಪ್ರಕೃತಿಯ ಮುನಿಸಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ ಎಂದು. ಕೇಳುವುದಕ್ಕೆ ಹಿತವಾದ ಮಾತು, ಆದರೆ ಸತ್ಯವಲ್ಲ. 2009ರಲ್ಲಿ ನಮ್ಮ ಕಡೆ ಹೊಳೆಯ ಪಾಲಾದವರಿದ್ದಂತೆಯೇ, ಹೊಳೆಯಿಂದ ಹರದಾರಿ ದೂರವಿದ್ದ ಊರುಗಳಲ್ಲಿ ತಮ್ಮ ಮನೆಯ ಗೋಡೆಯ ಕೆಳಗೇ ಸಿಕ್ಕು ಸತ್ತವರೂ ಇದ್ದರು. ಮಾಳಿಗೆ ಮನೆ ನಮಗೆಲ್ಲ ಗೊತ್ತಿರುವುದೇ. ಕಲ್ಲು ಮಣ್ಣಿನ ಗೋಡೆ. ಮೇಲೆ ತೊಲೆ, ಜಂತೆ. ಅವುಗಳ ಮೇಲೆ ದಪ್ಪನಾದ ಮಣ್ಣು. ಬಿಸಿಲಿನ ಈ ಸೀಮೆಗೆ ಅದು ತಂಪಾದ ಮನೆ. ವರ್ಷಕ್ಕೊಮ್ಮೆ, ಮಳೆಗಾಲದ ಮೊದಲು, ಸವಳು ಮಣ್ಣು ಹಾಕಿ ತುಳಿದರೆ ಹದವಾದ ಮಳೆಗೆ ಸೋರುವುದಿಲ್ಲ. ಆದರೆ ಹಗಲು ರಾತ್ರಿ ನಾಲ್ಕು ದಿನ ಸುರಿದರೆ ಆ ಮಣ್ಣೇ ನೀರು ಕುಡಿದು ಭಾರವಾಗುತ್ತದೆ. ಗೋಡೆಯ ಬುಡ ಹಸಿಯಾಗುತ್ತದೆ. ನಡುರಾತ್ರಿ ಮಲಗಿದವರ ಮೇಲೆ ಕುಸಿಯುತ್ತದೆ. ಅದೇ ಓಣಿಯಲ್ಲಿ ಸಿಮೆಂಟಿನ ಛತ್ತಿನ ಕೆಳಗೆ ಮಲಗಿದವನಿಗೆ ಆ ಮಳೆ ಬರೀ ಸಪ್ಪಳ. ಮಳೆಯೇನೋ ಎರಡು ಮನೆಗಳ ಮೇಲೂ ಸಮನಾಗಿಯೇ ಬಿತ್ತು. ಭೇದ ಮಾಡಿದ್ದು ಮಳೆಯಲ್ಲ, ಆ ಎರಡು ಮನೆಗಳಿಗೆ ತಿಂಗಳಿಗೆ ಬರುವ ಗಳಿಕೆ.

ಭೂಕಂಪದ ಮಾತೂ ಹೀಗೆಯೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ಜನ. ಅಲ್ಲಿಯೂ ನಮ್ಮಂಥದೇ ಮನೆಗಳು: ಗುಂಡುಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಹೊರೆ. ಕಂಪನದ ಪ್ರಮಾಣ ಸುಮಾರು 6.2. ಸತ್ತವರು ಎಂಟು ಹತ್ತು ಸಾವಿರ ಮಂದಿ. ಅದಾದ ನಾಲ್ಕು ತಿಂಗಳೊಳಗೆ, 1994ರ ಜನವರಿ 17ರಂದು, ಅಮೆರಿಕದ ಲಾಸ್ ಏಂಜಲಿಸ್ ನಗರದ ನಾರ್ತ್‌ರಿಡ್ಜ್ ಬಡಾವಣೆಯಲ್ಲಿ ಅದಕ್ಕಿಂತ ಜೋರಾದ, 6.7 ಪ್ರಮಾಣದ ಕಂಪನವಾಯಿತು. ಅಲ್ಲಿ ಸತ್ತವರು ಸುಮಾರು 60. ಅಮೆರಿಕದ ಭೂಮಿತಾಯಿಗೆ ಕರುಣೆ ಹೆಚ್ಚೆಂದು ಯಾರೂ ಹೇಳಲಾರರು. ಅಲ್ಲಿ ಮನೆ ಹೇಗೆ ಕಟ್ಟಬೇಕೆಂಬ ಕಾನೂನಿತ್ತು, ಹಾಗೆ ಕಟ್ಟುವುದಕ್ಕೆ ಜನರ ಕೈಯಲ್ಲಿ ದುಡ್ಡಿತ್ತು. ಇದ್ದ ವ್ಯತ್ಯಾಸ ಅಷ್ಟೆ.

ಆದುದರಿಂದ ಆಪತ್ತಿನ ಮೊದಲ ಗಳಿಗೆಯನ್ನು ಮಾತ್ರ ನಾವು ದೈವಕ್ಕೆ ಬಿಟ್ಟುಕೊಡಬಹುದು. ಅದರ ಹಿಂದಿನದೂ ಮುಂದಿನದೂ ಮನುಷ್ಯರ ವ್ಯವಹಾರ. ಯಾರಿಗೆ ಎಷ್ಟು, ಯಾವಾಗ, ಯಾವ ಲೆಕ್ಕದ ಮೇಲೆ ಕೊಡಬೇಕೆಂದು ನಿರ್ಧರಿಸುವವರು ಮನುಷ್ಯರೇ. ಅಂದಮೇಲೆ ಆ ಲೆಕ್ಕವನ್ನು ಕೇಳುವುದೂ ಮನುಷ್ಯರಿಗೆ ಸಾಧ್ಯ. ಹಿಂದೆ ಕೇಳಿದವರೂ ಇದ್ದಾರೆ.

ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರ ಬಾಯಲ್ಲಿ ಉಳಿದುಬಂದ 1876-78ರ ಬರವನ್ನೇ ನೋಡಿರಿ. ಆಗ ನಮ್ಮ ಕೊಪ್ಪಳ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಹೊಳೆಯಾಚೆಯ ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತದಲ್ಲಿದ್ದವು. ಮೈಸೂರು ಸಂಸ್ಥಾನವೊಂದರಲ್ಲಿಯೇ 1871ರ ಗಣತಿಯಲ್ಲಿ ಸುಮಾರು ಐವತ್ತು ಲಕ್ಷವಿದ್ದ ಜನ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದರು. ಜನ ಹೀಗೆ ಸಾಯುತ್ತಿದ್ದ ಹೊತ್ತಿನಲ್ಲಿಯೇ, 1877ರ ಜನವರಿ 1ರಂದು, ವೈಸ್‌ರಾಯ್ ಲಿಟ್ಟನ್ ದೆಹಲಿಯಲ್ಲಿ ದರಬಾರು ನಡೆಸಿ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಕಟ್ಟಿದನು. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಕ್ಕೂ ಕಡಿಮೆ ಧಾನ್ಯ, ಮೇಲೆ ಚೂರು ಕಾಸು. ಕೂಲಿ ಬೇಕೆಂದರೆ ಮನೆ ಬಿಟ್ಟು ಹತ್ತು ಮೈಲಿಯಾಚೆಯ ಶಿಬಿರಕ್ಕೆ ಹೋಗಬೇಕೆಂಬ ಕಟ್ಟಳೆ ಬೇರೆ.

ಆಗ ಏನಾಯಿತು? ಮುಂಬಯಿ ಪ್ರಾಂತದ ಕಾಮಗಾರಿಗಳಲ್ಲಿ ಹಸಿದ ಜನವೇ ಮುಷ್ಕರ ಹೂಡಿದರು. ಇಷ್ಟು ಕೂಲಿಗೆ ಕೆಲಸ ಮಾಡುವುದಿಲ್ಲವೆಂದು ಶಿಬಿರ ಬಿಟ್ಟು ಹೊರಟರು. ಅವರ ಬೆಂಬಲಕ್ಕೆ ಪುಣೆಯ ಸಾರ್ವಜನಿಕ ಸಭೆ ನಿಂತಿತು. ಆ ಸಭೆಯವರು ಅನ್ನ ಹಂಚುವುದಷ್ಟೇ ತಮ್ಮ ಕೆಲಸವೆಂದುಕೊಳ್ಳಲಿಲ್ಲ. ತಮ್ಮ ಜನರನ್ನು ಜಿಲ್ಲೆಗಳಿಗೆ ಕಳಿಸಿ, ಎಲ್ಲಿ ಬೆಳೆ ಹೋಗಿದೆ, ಎಲ್ಲಿ ಕೂಲಿ ಸಿಕ್ಕಿಲ್ಲ, ಎಲ್ಲಿ ಜನ ಸಾಯುತ್ತಿದ್ದಾರೆ ಎಂಬುದನ್ನು ಬರೆಸಿ ತರಿಸಿ, ಆ ವರದಿಗಳನ್ನು ಸರಕಾರದ ಮುಂದಿಟ್ಟರು. ಸರಕಾರದ ಲೆಕ್ಕದ ಎದುರಿಗೆ ಜನರ ಲೆಕ್ಕ. ಬರದ ಕಾಲದಲ್ಲಿ ಸರಕಾರ ಏನೇನು ಮಾಡಬೇಕೆಂಬ ಕ್ಷಾಮ ಸಂಹಿತೆಗಳು ಮುಂದೆ 1880ರ ದಶಕದಲ್ಲಿ ಬಂದವಲ್ಲ, ಅವು ಆಳುವವರ ದಯೆಯೊಂದರಿಂದಲೇ ಬಂದವುಗಳಲ್ಲ.

ಸಮಾಜವಾದಿಗಳಾದ ನಮಗೆ ಇನ್ನೊಂದು ಉದಾಹರಣೆ ಮನೆಯದೇ ಇದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಎತ್ತಿದ ಮೊದಲ ತಕರಾರುಗಳಲ್ಲಿ ಗೇಣಿ ಅಳೆಯುವ ಕೊಳಗದ್ದೂ ಒಂದು. ಒಡೆಯನ ಕೊಳಗ ದೊಡ್ಡದು, ಅಳತೆ ಮೋಸದ್ದು ಎಂದು ಅವರು ಎದ್ದು ನಿಂತರು. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಅನ್ಯಾಯ ಹಲವು ಸಲ ಒಂದು ಅಳತೆಯ ರೂಪದಲ್ಲಿಯೇ ಬರುತ್ತದೆ. ಇಂದಿನ ಕೊಳಗ ಯಾವುದೆಂದರೆ ಪರಿಹಾರದ ಪಟ್ಟಿ.

ಈ ಪಟ್ಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೆಯ ಕಲಮು, ಆಪತ್ತಿಗೆ ಸಿಕ್ಕವರಿಗೆ ಕೊಡಬೇಕಾದ ಪರಿಹಾರದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಬೇಕೆಂದು ಹೇಳುತ್ತದೆ. ಅದು ಮಾಡಲೇಬೇಕಾದ ಕರ್ತವ್ಯವೆಂದು 2021ರಲ್ಲಿ ಕೋವಿಡ್ ಸಾವುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಎಂದರೆ, ಪರಿಹಾರವು ಆಳುವವರು ಬಗ್ಗಿ ಕೊಡುವ ಭಿಕ್ಷೆಯಲ್ಲ. ಕೇಂದ್ರವು 2022ರಲ್ಲಿ ನಿಗದಿ ಮಾಡಿದ ದರಗಳ ಪ್ರಕಾರ, ಸತ್ತವರ ಮನೆಯವರಿಗೆ 4 ಲಕ್ಷ ರೂಪಾಯಿ. ಮಳೆಯಾಶ್ರಿತ ಬೆಳೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮ ಲೆಕ್ಕದಲ್ಲಿ ಎಕರೆಗೆ ಮೂರೂವರೆ ಸಾವಿರವೂ ಆಗುವುದಿಲ್ಲ. ಬೀಜ, ಗೊಬ್ಬರ, ಎತ್ತಿನ ಬಾಡಿಗೆ ಕೊಟ್ಟವನಿಗೆ ಇದು ಎಷ್ಟರ ಮಟ್ಟಿಗೆ ಸಾಕಾಗುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಆದರೆ ಇಷ್ಟು ಕಡಿಮೆ ಹಣವೂ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಸಿಗುವುದಿಲ್ಲ. ಹೆಸರು ತಪ್ಪುವವರು ಯಾರು?

ಮೊದಲನೆಯವನು ಲಾವಣಿ ಹಾಕಿಕೊಂಡು ಉಳುವವನು. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ಅದು ದೊಡ್ಡ ಗೆಲುವು. ಆದರೆ ಭೂಮಿಯನ್ನು ಪಾಲಿಗೋ ಲಾವಣಿಗೋ ಕೊಡುವ ರೂಢಿ ನಿಂತಿತೆ? ಅದು ಬಾಯಿಮಾತಿನಲ್ಲಿ ಉಳಿಯಿತು. ಕಾಗದವಿಲ್ಲದ ಉಳುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೆಳೆ ಹೋದದ್ದು ಅವನದು. ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಕೆಲವು ಒಡೆಯರು ಅದನ್ನು ಉಳುವವನಿಗೆ ದಾಟಿಸುತ್ತಾರೆ. ದಾಟಿಸದವರನ್ನು ಕೇಳುವ ದಾರಿ ಇಲ್ಲ. ಕೇಳಿದರೆ ಮುಂದಿನ ವರ್ಷ ಹೊಲ ಇಲ್ಲ.

ಎರಡನೆಯವರು ಗುಳೆ ಹೋದ ಮನೆಯವರು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದವರು ಎಷ್ಟು ಜನ! ತಾವು ಕಂಡವರ ಊರಿನಲ್ಲಿ ಕಾಂಕ್ರೀಟಿನ ಮಹಡಿ ಏರಿಸುತ್ತಿದ್ದಾಗ ತಮ್ಮ ಊರಿನ ಮಣ್ಣಿನ ಮಾಳಿಗೆ ಕುಸಿಯುತ್ತದೆ. ಸುದ್ದಿ ಫೋನಿನಲ್ಲಿ ಬರುತ್ತದೆ. ಬಸ್ಸಿನ ಖರ್ಚು ಹೊಂದಿಸಿ ಬರುವ ಹೊತ್ತಿಗೆ ಪಂಚನಾಮೆ ಮುಗಿದು, ಅವರ ಮನೆಯ ಎದುರಿಗೆ ಬೀಗ ಹಾಕಿದೆ, ಯಾರೂ ವಾಸವಿಲ್ಲ ಎಂದು ಬರೆದಾಗಿರುತ್ತದೆ.

ಮೂರನೆಯವರು ನೀವೇ, ಈ ಪತ್ರಿಕೆಯ ವಾಚಕರು. ಬಾಡಿಗೆ ಮನೆಯ ಹಮಾಲನ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕ ನೀರು ಪಾಲಾದರೆ ಮನೆಯ ಪರಿಹಾರ ಹೋಗುವುದು ಮನೆಯ ಮಾಲೀಕನಿಗೆ. ಸಣ್ಣ ವ್ಯಾಪಾರಿಯ ಸ್ಥಿತಿ ಇನ್ನೂ ವಿಚಿತ್ರ. ಅದೇ ಕೇಂದ್ರದ ದರಪಟ್ಟಿಯಲ್ಲಿ ಉಳುವವನಿಗೆ, ದನಕರು ಕಳೆದುಕೊಂಡವನಿಗೆ, ಮೀನುಗಾರನಿಗೆ, ಕೈಮಗ್ಗದವನಿಗೆ ಒಂದೊಂದು ಬಾಬು ಇದೆ. ಅಕ್ಕಿ, ಸಕ್ಕರೆ, ಬೇಳೆಯ ಚೀಲಗಳು ನೆನೆದು ಕೊಳೆತುಹೋದ ಕಿರಾಣಿಯವನಿಗೆ ಅಲ್ಲಿ ಬಾಬಿಲ್ಲ. ಅವನ ಸರಕಿನ ಜೊತೆಗೆ ಅವನ ಉದ್ರಿಯೂ ಮುಳುಗುತ್ತದೆ. ಏಕೆಂದರೆ ಉದ್ರಿ ತಂದವರ ಮನೆಯೇ ಬಿದ್ದಿರುತ್ತದೆ. ಹಮಾಲನ ಕಷ್ಟ ಬೇರೆ, ಅಂಗಡಿಯವನ ಕಷ್ಟ ಬೇರೆ ಎಂದು ತಿಳಿದವರು ನೆರೆಯ ಮರುವಾರ ಆ ವಹಿಯನ್ನು ಓದಿ ನೋಡಲಿ.

ನಾನು ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಕಣ್ಣೆದುರಿಗೆ ಕುಳಿತಿದ್ದರೂ ಲೆಕ್ಕಕ್ಕೆ ಇಲ್ಲ. ಅದರ ಪಾಲಿನ ಊಟವಿಲ್ಲ, ಪುಸ್ತಕವಿಲ್ಲ. ಹೆಸರು ಬರೆಯುವುದು ಎಷ್ಟು ದೊಡ್ಡ ಕೆಲಸವೆಂಬುದನ್ನು ಕಲಿತದ್ದು ಅಲ್ಲಿ. ಅದರ ಇನ್ನೊಂದು ಪಾಠ 2022ರ ಮಳೆಗಾಲದಲ್ಲಿ ಆಯಿತು. ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಒಬ್ಬ ಹೆಣ್ಣುಮಗಳ ಮನೆಯ ಹಿಂದಿನ ಗೋಡೆ ಮಳೆಗೆ ಬಿದ್ದಿತು. ಪಂಚನಾಮೆಯವರು ಊರಿಗೆ ಬಂದ ದಿನ ಆಕೆ ಕೆಲಸದ ಮೇಲಿದ್ದಳು. ಆ ದಿನದ ಕೂಲಿ ಬಿಡುವಂತಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲ. "ಮಾಸ್ತರ, ಗೋಡಿ ಬಿದ್ದದ್ದು ಊರಿಗೆಲ್ಲ ಕಾಣತೈತಿ, ಅವರಿಗಷ್ಟ ಹ್ಯಾಂಗ ಕಾಣಲಿಲ್ಲರಿ?" ಎಂದು ಕೇಳಿದಳು. ನಾವು ಮೂವರು ಸೇರಿ ಬಿದ್ದ ಗೋಡೆಯ ಚಿತ್ರ ತೆಗೆದು, ಎಡಬಲದ ಮನೆಯವರ ಸಹಿ ಮಾಡಿಸಿ, ಅರ್ಜಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು. ನಾಲ್ಕು ಸಲ ಅಲೆದ ಮೇಲೆ ಮರುಪರಿಶೀಲನೆಯಾಗಿ ಹೆಸರು ಸೇರಿತು. ನಮಗೆ ಆದ ಒಟ್ಟು ಖರ್ಚು ಬಸ್ಸಿನ ಟಿಕೆಟ್ಟು ಮತ್ತು ಝೆರಾಕ್ಸಿನದು. ಅದೇ ದುಡ್ಡನ್ನು ಆಕೆಗೆ ದಾನವಾಗಿ ಕೊಟ್ಟಿದ್ದರೆ ಎರಡು ದಿನದ ಸಂತೆಗೂ ಸಾಲುತ್ತಿರಲಿಲ್ಲ.

ಒಬ್ಬ ಕೂಲಿಯ ಹೆಣ್ಣುಮಗಳ ಪಾಡು ಇದಾದರೆ, ರಾಜ್ಯಕ್ಕೆ ರಾಜ್ಯವೇ ಅರ್ಜಿ ಹಿಡಿದು ನಿಂತದ್ದನ್ನೂ ನಾವು ಕಂಡಿದ್ದೇವೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯ ಸರಕಾರ ಕೇಂದ್ರವನ್ನು 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಕಾದು, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಮಂಜೂರಾಯಿತು. ರಾಜ್ಯ ಸರಕಾರಕ್ಕೆ ವಕೀಲರಿದ್ದಾರೆ, ಕಡತಗಳಿವೆ, ಪತ್ರಿಕೆಗಳಿವೆ. ಇಷ್ಟಿದ್ದೂ ಅದು ಕೋರ್ಟಿಗೆ ಹೋಗಬೇಕಾಯಿತು. ಹಾಗಿದ್ದ ಮೇಲೆ ಯಲಬುರ್ಗಾದ ಹಳ್ಳಿಯ ವಿಧವೆಯೊಬ್ಬಳು ಒಬ್ಬಂಟಿಯಾಗಿ ಯಾವ ಬಾಗಿಲು ಬಡಿಯಬೇಕು?

ಇನ್ನು ರಾಜ್ಯವನ್ನು ಆಳಿದವರು 2009ರಲ್ಲಿ ಹೇಗೆ ನಡೆದುಕೊಂಡರು? ಮೊದಲ ವಾರದಲ್ಲಿ ದೇಣಿಗೆ ಎತ್ತುವ ಪಾದಯಾತ್ರೆಗಳು ನಡೆದವು. ಜನ ಕೊಟ್ಟರು, ಧಾರಾಳವಾಗಿ ಕೊಟ್ಟರು. ಆದರೆ ನೆರೆ ಪರಿಹಾರಕ್ಕೆಂದು ಅದಿರಿನ ಲಾರಿಯೊಂದಕ್ಕೆ ಸಾವಿರ ರೂಪಾಯಿ ಹಾಕಬೇಕೆಂಬ ಮಾತು ಬಂದಾಗ ಗಣಿಯ ಧಣಿಗಳು ಮುನಿದರು. ಆಳುವ ಪಕ್ಷದಲ್ಲಿ ಎದ್ದ ಬಂಡಾಯಕ್ಕೆ ಅದೂ ಒಂದು ಕಾರಣವಾಯಿತು. ನೆರೆಯ ಕೆಸರು ಆರುವ ಮೊದಲೇ ಶಾಸಕರು ಪರರಾಜ್ಯದ ರೆಸಾರ್ಟುಗಳಿಗೆ ಹೋಗಿ ಕುಳಿತರು. ಡಬ್ಬಿಗೆ ಇಪ್ಪತ್ತು ರೂಪಾಯಿ ಹಾಕಿದ ಹಮಾಲ ಮುನಿಯಲಿಲ್ಲ. ನಮ್ಮ ನೆಲ ಬಗೆದು ಹಡಗು ತುಂಬಿಸಿದವರು ಮುನಿದರು. ಮುಂದೆ ಆಸರೆ ಎಂಬ ಹೆಸರಿನಲ್ಲಿ ದಾನಿಗಳ ನೆರವಿನಿಂದ ಊರುಗಳನ್ನು ಸ್ಥಳಾಂತರಿಸಿ ಮನೆ ಕಟ್ಟುವ ಯೋಜನೆ ಬಂತು. ಒಳ್ಳೆಯ ಉದ್ದೇಶವೇ. ಆದರೆ ಹೊಲ ಎಲ್ಲಿ, ದನ ಎಲ್ಲಿ ಕಟ್ಟಬೇಕು, ಕೂಡುಕುಟುಂಬ ಎಷ್ಟು ದೊಡ್ಡದು ಎಂದು ಇರುವವರನ್ನು ಕೇಳದೆ ಕಟ್ಟಿದ ಕಾರಣ ಹಲವು ಕಡೆ ಮನೆಗಳು ವರ್ಷಾನುಗಟ್ಟಲೆ ಖಾಲಿ ಬಿದ್ದವು, ಜಾಲಿ ಬೆಳೆಯಿತು. ಜನರನ್ನು ಬಿಟ್ಟು ಜನರಿಗಾಗಿ ಮಾಡಿದ ಕೆಲಸ ಹೀಗಾಗುತ್ತದೆ.

ಇದನ್ನೆಲ್ಲ ಓದಿ, ಹಾಗಾದರೆ ದಾನ ಮಾಡುವುದೇ ತಪ್ಪೆ ಎಂದು ಯಾರಾದರೂ ಕೇಳಬಹುದು. ನಮ್ಮ ಪಕ್ಷದಲ್ಲಿಯೇ ಕೆಲವು ಗೆಳೆಯರು, ದಾನ ಹೋರಾಟವನ್ನು ಮೊಂಡು ಮಾಡುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಸಿದವನಿಗೆ ಮೊದಲು ರೊಟ್ಟಿ ಬೇಕು, ಭಾಷಣ ಆಮೇಲೆ. ಆದರೆ ಕೊಡುವುದರಲ್ಲಿಯೂ ರೀತಿಯಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರುತ್ತದೆ. ಲಕ್ಷಾಂತರ ಜನ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿತ್ತೆಂದು ಯಾರೂ ಕೇಳುವುದಿಲ್ಲ. ಅದನ್ನು ನಮ್ಮ ಹಿರಿಯರು ದಾನವೆನ್ನಲಿಲ್ಲ, ದಾಸೋಹವೆಂದರು. ಕೊಟ್ಟವನ ತಲೆ ಮೇಲೆ, ಪಡೆದವನ ತಲೆ ಕೆಳಗೆ ಎಂಬುದು ಅಲ್ಲಿಲ್ಲ. ನೆರೆಯ ಲಾರಿಗೆ ಬ್ಯಾನರು ಕಟ್ಟಿ, ಉಟ್ಟು ಹರಿದ ಸೀರೆಯನ್ನು ಸಂತ್ರಸ್ತೆಯ ಕೈಗಿಟ್ಟು ಫೋಟೋ ಹಿಡಿಸಿಕೊಳ್ಳುವವರು ಈ ರೊಟ್ಟಿಯ ಬಂಡಿಯ ಹಿಂದೆ ಒಂದು ದಿನ ನಡೆದು ಬರಲಿ.

ಕೊಡೋಣ, ಆದರೆ ಕೊಟ್ಟು ಕೈ ತೊಳೆದುಕೊಳ್ಳುವುದು ಬೇಡ. ಗಿರಣಿಯ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ತಮ್ಮ ದುಡಿಮೆ ಕೆಡಿಸಿಕೊಳ್ಳದೆ ಮಾಡಬಹುದಾದ ಕೆಲಸಗಳು ಮೂರಿವೆ.

ಒಂದು, ಮಳೆಗಾಲಕ್ಕೆ ಮೊದಲೇ ನಮ್ಮ ನಮ್ಮ ಓಣಿಯ, ಊರಿನ ಲೆಕ್ಕ ಬರೆದಿಟ್ಟುಕೊಳ್ಳುವುದು. ಯಾವ ಮನೆ ಮಾಳಿಗೆಯದು, ಯಾವ ಗೋಡೆ ವಾಲಿದೆ, ಯಾವ ಮನೆಯವರು ಗುಳೆ ಹೋಗಿದ್ದಾರೆ, ಅವರ ಫೋನು ನಂಬರು ಯಾವುದು, ಯಾರ ಹೊಲವನ್ನು ಯಾರು ಲಾವಣಿ ಮಾಡಿದ್ದಾರೆ. ಅಂಗಡಿಯವರು ತಮ್ಮ ಸರಕಿನ ಖರೀದಿ ಚೀಟಿಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಆಧಾರ, ಪಡಿತರ ಚೀಟಿ, ಪಹಣಿ, ಮನೆಯ ಉತಾರಗಳ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿರಬೇಕು. ನೆರೆ ಬಂದ ಮೇಲೆ ಇವುಗಳನ್ನು ಹುಡುಕುವುದು ಸುಲಭವಲ್ಲ.

ಎರಡು, ಪಂಚನಾಮೆಯ ದಿನ ನಮ್ಮವರೊಬ್ಬರು ಅಲ್ಲಿರುವುದು. ಒಂದು ಗಿರಣಿಯಲ್ಲಿ ಮೂವತ್ತು ಜನ ಹಮಾಲರಿದ್ದರೆ ದಿನಕ್ಕೆ ಒಬ್ಬನ ಪಾಳಿಯನ್ನು ಉಳಿದವರು ಹಂಚಿಕೊಂಡು, ಅವನ ಕೂಲಿಯನ್ನು ಅವನಿಗೆ ಕೊಟ್ಟು ಕಳಿಸಬಹುದು. ಅವನು ಜಗಳಕ್ಕೆ ಹೋಗಬೇಕಾಗಿಲ್ಲ. ಅಧಿಕಾರಿಗಳಲ್ಲಿ ಹಗಲು ರಾತ್ರಿ ದುಡಿಯುವ ಸಜ್ಜನರಿದ್ದಾರೆ. ಎರಡು ದಿನದಲ್ಲಿ ಐದಾರು ಊರು ಮುಗಿಸಬೇಕಾದಾಗ ಅವರ ಕಣ್ಣಿಗೂ ಹಿಂದಿನ ಓಣಿ ಬೀಳುವುದಿಲ್ಲ. ಹಿಂದಿನ ಓಣಿಯಲ್ಲಿ ಯಾರಿರುತ್ತಾರೆ ಎಂಬುದು ನಮಗೆ ಗೊತ್ತು. ಅವರ ಜೊತೆಗೆ ನಡೆದು ತೋರಿಸಬೇಕು.

ಮೂರು, ಆರನೆಯ ತಿಂಗಳ ನಿಧಿ. ಮೊದಲ ವಾರದಲ್ಲಿ ರೊಟ್ಟಿ ಹಳಸುವಷ್ಟು ಬರುತ್ತದೆ. ಆರನೆಯ ತಿಂಗಳಲ್ಲಿ ಯಾರೂ ಬರುವುದಿಲ್ಲ. ಹೊಸ ಬೀಜ, ಹಳೆಯ ಸಾಲದ ಬಡ್ಡಿ, ಶಾಲೆಯ ಖರ್ಚು ಒಟ್ಟಿಗೆ ಬರುವುದು ಆಗಲೇ. ವಾರಕ್ಕೆ ಐದು ರೂಪಾಯಿಯಂತೆ ಪ್ರತಿ ಗಿರಣಿಯಲ್ಲಿ, ಪ್ರತಿ ಬಜಾರಿನಲ್ಲಿ ಕೂಡಿಟ್ಟು, ಲೆಕ್ಕವನ್ನು ಎಲ್ಲರೂ ಓದುವಂತೆ ಗೋಡೆಗೆ ಅಂಟಿಸಬೇಕು. ಬೇರೆಯವರ ಪಟ್ಟಿಯ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನು ಮುಚ್ಚಿಡಬಾರದು.

ಆಪತ್ತಿನಲ್ಲಿ ರಾಜಕೀಯ ಬೆರೆಸಬೇಡಿರಿ ಎಂದು ನಮಗೆ ಬುದ್ಧಿ ಹೇಳುವವರು ಬಹಳ. ಪಟ್ಟಿಯಲ್ಲಿ ಒಬ್ಬ ಬಡವನ ಹೆಸರು ಬರೆಸುವುದು ರಾಜಕೀಯವಾದರೆ, ಆ ಹೆಸರು ಬಿಟ್ಟುಹೋದದ್ದೂ ರಾಜಕೀಯವೇ ಆಯಿತಲ್ಲ? ಹೆಸರು ಬರೆಸುವಾಗ ಆ ಮನೆಯವರು ಯಾವ ಪಕ್ಷಕ್ಕೆ ಮತ ಹಾಕಿದರು, ಯಾವ ಜಾತಿಯವರು, ಮಸೀದಿಗೆ ಹೋಗುವವರೋ ಗುಡಿಗೆ ಹೋಗುವವರೋ ಎಂದು ನಮ್ಮವರು ಕೇಳಕೂಡದು. ಕೇಳಿದವನು ನಮ್ಮ ಪಕ್ಷದವನಲ್ಲ.

ಇದು ಸರಕಾರದ ಕೆಲಸ, ನಾವೇಕೆ ಮಾಡಬೇಕು ಎಂಬ ಮಾತಿಗೂ ಉತ್ತರ ಹೇಳಬೇಕು. ಹೌದು, ಸರಕಾರದ್ದೇ. ಅದನ್ನು ಸರಕಾರದಿಂದ ಮಾಡಿಸುವುದು ನಮ್ಮದು. ಆದುದರಿಂದ ಈ ಕೆಳಗಿನ ಬೇಡಿಕೆಗಳನ್ನು ಜಿಲ್ಲೆಯ ಪ್ರತಿ ಗ್ರಾಮಸಭೆಯಲ್ಲಿ ಎತ್ತಬೇಕು. ನಷ್ಟದ ಪಟ್ಟಿಯನ್ನು ಮೇಲಕ್ಕೆ ಕಳಿಸುವ ಮೊದಲು ಊರ ಚಾವಡಿಯಲ್ಲಿ ಗಟ್ಟಿಯಾಗಿ ಓದಬೇಕು. ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಪಹಣಿ ಯಾರ ಹೆಸರಿನಲ್ಲಿದ್ದರೂ ಆ ವರ್ಷ ಉತ್ತು ಬಿತ್ತಿದವನಿಗೆ ಬೆಳೆ ಪರಿಹಾರ ಸಿಗಬೇಕು. ಬಾಡಿಗೆದಾರನ ಗೃಹೋಪಯೋಗಿ ವಸ್ತುಗಳಿಗೂ ಸಣ್ಣ ಅಂಗಡಿಯ ಸರಕಿಗೂ ನಿಯಮದಲ್ಲಿ ಒಂದು ಬಾಬು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆ ಬಿದ್ದ ಮೇಲೆ ಕೊಡುವ ಹಣದಲ್ಲಿ ಒಂದು ಪಾಲನ್ನು ಗೋಡೆ ಬೀಳುವ ಮೊದಲೇ ಕೊಡಬೇಕು. ವಾಲಿದ ಮಾಳಿಗೆಗೆ ಆಸರೆಗಂಬ ಕೊಡಿಸುವ ಖರ್ಚು, ಹೆಣ ಎತ್ತಿದ ಮೇಲೆ ಕೊಡುವ ನಾಲ್ಕು ಲಕ್ಷಕ್ಕಿಂತ ಎಷ್ಟೋ ಕಡಿಮೆ.

ಈ ಬೇಡಿಕೆಗಳು ಒಂದೇ ಮಳೆಗಾಲದಲ್ಲಿ ಈಡೇರುವವಲ್ಲ. ಆದರೆ ಮೊದಲನೆಯ ಕೆಲಸಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ. ನೂರು ಪುಟದ ಒಂದು ನೋಟುಬುಕ್ಕು, ಒಂದು ಪೆನ್ನು ಸಾಕು. ಈ ರವಿವಾರ ರಜೆಯಿದ್ದವರು ತಮ್ಮ ಓಣಿಯಿಂದಲೇ ಆರಂಭಿಸಿರಿ. ಮೊದಲ ಪುಟದಲ್ಲಿ, ಎಲ್ಲಕ್ಕಿಂತ ಹೆಚ್ಚು ವಾಲಿದ ಗೋಡೆಯ ಮನೆಯವರ ಹೆಸರು ಬರೆಯಿರಿ.